ಬೆನ್ನ ಮೇಲಿನ ಗಾಳಿ: ಪೆಟ್ರೋಲ್ ಬ್ಲೋವರ್ ಕೊಳ್ಳೋದು ಹೇಗೆ, ಕಾಪಾಡೋದು ಹೇಗೆ

ಈ ಸಂಚಿಕೆಯ ತಾಂತ್ರಿಕ ಪಾಠಕ್ಕೆ ನಾವು ಆರಿಸಿಕೊಂಡಿರೋದು ಬೆನ್ನಿಗೆ ಹಾಕಿಕೊಳ್ಳೋ ಪೆಟ್ರೋಲ್ ಲೀಫ್ ಬ್ಲೋವರ್. ಹೆಸರು ಕೇಳಿದ ತಕ್ಷಣ ಅಮೆರಿಕದ ಹುಲ್ಲುಹಾಸು ನೆನಪಾಗಬಹುದು. ಆದರೆ ನಮ್ಮ ಬಳಗದಲ್ಲಿ ಮಲೆನಾಡಿನವರು ಇಬ್ಬರಿದ್ದಾರೆ, ಅವರಿಗೆ ಇದು ಮನೆಯ ಯಂತ್ರ. ಅಡಿಕೆ ತೋಟಕ್ಕೆ ಹಾಕೋಕೆ ಸೊಪ್ಪಿನ ಬೆಟ್ಟದಿಂದ ದರಕು, ಅಂದರೆ ಒಣಗಿದ ತರಗೆಲೆ, ಒಟ್ಟು ಮಾಡಬೇಕು. ಮೊದಲು ನಾಲ್ಕೈದು ಜನ ಪೊರಕೆ ಹಿಡಿದು ದಿನಗಟ್ಟಲೆ ಗುಡಿಸ್ತಿದ್ರು. ಈಗ ಕೂಲಿಗೆ ಜನ ಸಿಗೋದು ಕಷ್ಟ, ಹಾಗಾಗಿ ಒಬ್ಬರು ಬ್ಲೋವರ್ ಹೊತ್ತು ಎಲೆಯನ್ನ ರಾಶಿ ಮಾಡ್ತಾರೆ, ಉಳಿದವರು ತುಂಬ್ತಾರೆ. ಅರಣ್ಯ ಇಲಾಖೆಯವರೂ ಬೇಸಿಗೆಗೆ ಮುಂಚೆ ಬೆಂಕಿ ರೇಖೆಯ ಮೇಲಿನ ತರಗೆಲೆ ತೆಗೆಯೋಕೆ ಇದನ್ನೇ ಬಳಸ್ತಾರೆ.

ಯಂತ್ರಕ್ಕೆ ಹತ್ತಾರು ಸಾವಿರ ರೂಪಾಯಿ ಬೀಳುತ್ತೆ. ಆದರೆ ಅಂಗಡಿಯಲ್ಲಿ ಕೇಳೋ ಪ್ರಶ್ನೆ ಹೆಚ್ಚಾಗಿ ಒಂದೇ: "ಎಷ್ಟು ಸಿಸಿ?" ಅದು ತಪ್ಪು ಪ್ರಶ್ನೆ ಅಲ್ಲ, ಸಾಲದ ಪ್ರಶ್ನೆ. ಯಾವುದನ್ನ ನೋಡಿ ಕೊಳ್ಳಬೇಕು, ಏನು ಮಾಡಿದರೆ ಹತ್ತು ವರ್ಷ ಬಾಳುತ್ತೆ, ಅದನ್ನ ಹೊರುವವರಿಗೆ ಏನಾಗುತ್ತೆ, ಈ ಮೂರನ್ನೂ ನಮ್ಮ ಸಿಲಬಸ್‌ನ ಲೆಕ್ಕದಿಂದಲೇ ನೋಡೋಣ.

ಒಳಗೆ ಏನಿದೆ?

ಒಂದು ಸಣ್ಣ ಎಂಜಿನ್, ಅದರ ಕ್ರ್ಯಾಂಕ್‌ಗೆ ನೇರವಾಗಿ ಜೋಡಿಸಿದ ಫ್ಯಾನ್, ಫ್ಯಾನ್ ಸುತ್ತ ಬಸವನಹುಳದ ಚಿಪ್ಪಿನಂಥ ಕವಚ, ಅಲ್ಲಿಂದ ಹೊರಡೋ ಪೈಪು. ಇಷ್ಟೇ. ನಡುವೆ ಗೇರ್ ಇಲ್ಲ, ಬೆಲ್ಟ್ ಇಲ್ಲ. ಫ್ಯಾನ್ ಸೆಂಟ್ರಿಫ್ಯೂಗಲ್ ಜಾತಿಯದು: ನಡುವಿನಿಂದ ಗಾಳಿ ಎಳೆದು ಅಂಚಿಗೆ ತಳ್ಳುತ್ತೆ.

ಹೆಚ್ಚಿನವು ಟೂ ಸ್ಟ್ರೋಕ್. ಪೂರ್ತಿ ಥ್ರಾಟಲ್‌ನಲ್ಲಿ ನಿಮಿಷಕ್ಕೆ 7200 ಸುತ್ತು ಅಂದುಕೊಂಡರೆ ಸೆಕೆಂಡಿಗೆ 120 ಸಲ ಒಳಗೆ ಉರಿ ಏಳುತ್ತೆ. ಟೂ ಸ್ಟ್ರೋಕ್‌ಗೆ ಎಣ್ಣೆಯ ಪ್ರತ್ಯೇಕ ಚೇಂಬರ್ ಇಲ್ಲ. ಪೆಟ್ರೋಲ್ ಜೊತೆ ಬೆರೆಸಿದ ಎಣ್ಣೆಯೇ ಪಿಸ್ಟನ್‌ಗೂ ಬೇರಿಂಗ್‌ಗೂ ಜಾರಿಕೆ ಕೊಡಬೇಕು. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ, ನಿರ್ವಹಣೆಯ ಅರ್ಧ ಪಾಠ ಇದರ ಮೇಲೆ ನಿಂತಿದೆ.

ಹಳೇ ಮಾದರಿಯ ಟೂ ಸ್ಟ್ರೋಕ್‌ನಲ್ಲಿ ಹೊಸ ಮಿಶ್ರಣ ಒಳಗೆ ಬರುವಾಗಲೇ ಸುಮಾರು ಕಾಲು ಭಾಗ ಉರಿಯದೆ ಸೈಲೆನ್ಸರ್ ಕಡೆಯಿಂದ ಹೊರಗೆ ಹೋಗಿಬಿಡುತ್ತೆ. ಹೊಸ ಮಾದರಿಗಳಲ್ಲಿ ಮೊದಲು ಬರೀ ಗಾಳಿ ಒಳಗೆ ನುಗ್ಗಿ ಹೊಗೆಯನ್ನ ಹೊರಗೆ ತಳ್ಳುತ್ತೆ, ಆಮೇಲೆ ಮಿಶ್ರಣ ಬರುತ್ತೆ. ಪೆಟ್ರೋಲ್ ಉಳಿಯುತ್ತೆ, ಹೊಗೆ ಕಡಿಮೆ. ಇನ್ನು ಕೆಲವು ಫೋರ್ ಸ್ಟ್ರೋಕ್ ಆದರೂ ಎಣ್ಣೆ ಬೆರೆಸಿದ ಪೆಟ್ರೋಲನ್ನೇ ಕುಡಿಯುತ್ತವೆ. ಅವುಗಳಲ್ಲಿ ವಾಲ್ವ್ ಇರೋದರಿಂದ ಆಗಾಗ ವಾಲ್ವ್ ಅಂತರ ಸರಿಮಾಡಿಸಬೇಕು. ಕೊಳ್ಳುವ ಮುಂಚೆ ಇದು ಯಾವ ಜಾತಿ ಅಂತ ಕೇಳಿ.

ಸಿಸಿ ಅಲ್ಲ, ನ್ಯೂಟನ್

ಬ್ರೋಷರ್‌ನಲ್ಲಿ ಎರಡು ಸಂಖ್ಯೆ ದಪ್ಪಕ್ಷರದಲ್ಲಿ ಇರುತ್ತೆ. ಒಂದು, ಗಾಳಿಯ ಪ್ರಮಾಣ, ಸಿಎಫ್‌ಎಂ ಅಥವಾ ಗಂಟೆಗೆ ಇಷ್ಟು ಘನ ಮೀಟರ್. ಎರಡು, ಗಾಳಿಯ ವೇಗ. ಒಂದು ಅಂಗಡಿಯವರು ಪ್ರಮಾಣ ತೋರಿಸಿ ಮಾರ್ತಾರೆ, ಇನ್ನೊಬ್ಬರು ವೇಗ ತೋರಿಸಿ ಮಾರ್ತಾರೆ. ಎಲೆ ತಳ್ಳೋದು ಈ ಎರಡರ ಗುಣಾಕಾರ.

ಬಲ = ಗಾಳಿಯ ಸಾಂದ್ರತೆ × ಸೆಕೆಂಡಿಗೆ ಹೋಗುವ ಗಾಳಿ × ಅದರ ವೇಗ

ಎರಡು ಕಾಲ್ಪನಿಕ ಯಂತ್ರ ತಗೊಳ್ಳೋಣ. ಸಾಂದ್ರತೆ 1.2 ಅಂತ ಇಟ್ಟುಕೊಳ್ಳೋಣ.

• ಯಂತ್ರ ಅ: ಸೆಕೆಂಡಿಗೆ 0.40 ಘನ ಮೀಟರ್, ವೇಗ ಸೆಕೆಂಡಿಗೆ 60 ಮೀಟರ್. ಬಲ 28.8 ನ್ಯೂಟನ್.
• ಯಂತ್ರ ಆ: ಸೆಕೆಂಡಿಗೆ 0.25 ಘನ ಮೀಟರ್, ವೇಗ ಸೆಕೆಂಡಿಗೆ 90 ಮೀಟರ್. ಬಲ 27 ನ್ಯೂಟನ್.

ವೇಗ ನೋಡಿದರೆ 'ಆ' ದೊಡ್ಡದು, ಒಂದೂವರೆ ಪಟ್ಟು. ಬಲದಲ್ಲಿ ಮಾತ್ರ ಎರಡೂ ಹೆಚ್ಚುಕಡಿಮೆ ಒಂದೇ. ಈಗ ಗಾಳಿಗೆ ಕೊಟ್ಟ ಶಕ್ತಿಯನ್ನ ಲೆಕ್ಕ ಹಾಕಿ: 'ಅ'ಗೆ 864 ವ್ಯಾಟ್, 'ಆ'ಗೆ 1215 ವ್ಯಾಟ್. ಅಂದರೆ ಅಷ್ಟೇ ತಳ್ಳೋಕೆ 'ಆ' ಹೆಚ್ಚು ಪೆಟ್ರೋಲ್ ಸುಡಬೇಕು.

ಹಾಗಾದರೆ ದೂರದ ಎಲೆಗೆ ವೇಗವೇ ಬೇಕಲ್ವಾ ಅಂತ ನಮ್ಮಲ್ಲೂ ವಾದ ಆಯ್ತು. ಜೆಟ್ ಹರಿವಿನ ಪಾಠ ತೆಗೆದು ನೋಡಿದೆವು. ಪೈಪಿನಿಂದ ಹೊರಬಿದ್ದ ಗಾಳಿ ಸುತ್ತಲಿನ ಗಾಳಿಯನ್ನ ಎಳೆದುಕೊಂಡು ಅಗಲ ಆಗುತ್ತಾ, ನಿಧಾನ ಆಗುತ್ತಾ ಹೋಗುತ್ತೆ. ಸ್ವಲ್ಪ ದೂರ ಹೋದ ಮೇಲೆ ನಡುವಿನ ವೇಗ ಸುಮಾರಾಗಿ ಹೀಗಿರುತ್ತೆ: ಬಾಯಿಯ ವೇಗ × ಬಾಯಿಯ ವ್ಯಾಸ × 6, ಭಾಗಿಸು ದೂರ. 'ಅ' ಪೈಪಿನ ವ್ಯಾಸ ಲೆಕ್ಕದಿಂದ 92 ಮಿಲಿಮೀಟರ್ ಬರುತ್ತೆ, 'ಆ'ದು 60ರ ಹತ್ತಿರ. ಮೂರು ಮೀಟರ್ ದೂರದಲ್ಲಿ ಎರಡರ ವೇಗವೂ ಸೆಕೆಂಡಿಗೆ 11 ಮೀಟರ್ ಆಸುಪಾಸು! ದೂರದಲ್ಲಿ ಏನಾಗುತ್ತೆ ಅನ್ನೋದನ್ನ ಬಾಯಿಯ ವೇಗ ಒಂದೇ ತೀರ್ಮಾನ ಮಾಡಲ್ಲ, ಬಲ ತೀರ್ಮಾನ ಮಾಡುತ್ತೆ. ಹಸಿ ಎಲೆ, ನೆಲಕ್ಕೆ ಅಂಟಿದ ಎಲೆ ಎಬ್ಬಿಸೋಕೆ, ಅದೂ ಪೈಪನ್ನ ಹತ್ತಿರ ಹಿಡಿದಾಗ, ವೇಗ ಉಪಯೋಗಕ್ಕೆ ಬರುತ್ತೆ. ಬೆಟ್ಟದಲ್ಲಿ ಒಣ ದರಕು ರಾಶಿ ಮಾಡೋಕೆ ಬಲವೂ ಪ್ರಮಾಣವೂ ಮುಖ್ಯ.

ಒಂದು ಎಚ್ಚರಿಕೆ. ಬ್ರೋಷರ್‌ನ ಪ್ರಮಾಣ ಮತ್ತು ವೇಗವನ್ನ ಗುಣಿಸಿದರೆ ಹಲವು ಸಲ ಅದೇ ಬ್ರೋಷರ್‌ನ ನ್ಯೂಟನ್‌ಗಿಂತ ಜಾಸ್ತಿ ಬರುತ್ತೆ. ಕಾರಣ, ಎರಡೂ ಗರಿಷ್ಠ ಸಂಖ್ಯೆಗಳು ಒಂದೇ ಪೈಪು, ಒಂದೇ ಸ್ಥಿತಿಯಲ್ಲಿ ಅಳೆದದ್ದು ಆಗಿರಬೇಕಿಲ್ಲ. ಆದ್ದರಿಂದ ನೇರವಾಗಿ ನ್ಯೂಟನ್ ಎಷ್ಟು ಅಂತ ಕೇಳಿ. ಅಮೆರಿಕದ ಆನ್ಸಿ ಬಿ175.2 ಮಾನದಂಡದಲ್ಲಿ ಅಳೆದದ್ದಾದರೆ ಹೋಲಿಸೋಕೆ ಸುಲಭ. ಅಂದಾಜಿಗೆ, 50 ಸಿಸಿ ಆಸುಪಾಸಿನವು 20 ನ್ಯೂಟನ್, 65 ಸಿಸಿಯವು 30, 75ರಿಂದ 80 ಸಿಸಿಯವು 40 ನ್ಯೂಟನ್ ಹತ್ತಿರ ಕೊಡುತ್ತವೆ.

ಬೆನ್ನಿನ ಲೆಕ್ಕ

ದೊಡ್ಡದೇ ಒಳ್ಳೇದು ಅನ್ನೋ ಹಾಗಿಲ್ಲ. 80 ಸಿಸಿ ಯಂತ್ರ ಖಾಲಿ ಇದ್ದಾಗಲೇ 11–12 ಕಿಲೋ, ಮೇಲೆ ಎರಡು ಲೀಟರ್ ಪೆಟ್ರೋಲ್ ಅಂದರೆ ಇನ್ನೂ ಒಂದೂವರೆ ಕಿಲೋ. ಅದನ್ನ ಹೊತ್ತು ಇಳಿಜಾರಿನಲ್ಲಿ, ಜಾರೋ ಎಲೆ ಮೇಲೆ ನಡೀಬೇಕು. ಜೊತೆಗೆ ನ್ಯೂಟನ್ನನ ಮೂರನೇ ನಿಯಮ: 40 ನ್ಯೂಟನ್ ಮುಂದಕ್ಕೆ ತಳ್ಳೋ ಯಂತ್ರ ನಿಮ್ಮನ್ನ ಅಷ್ಟೇ ಹಿಂದಕ್ಕೆ ತಳ್ಳುತ್ತೆ, ನಾಲ್ಕು ಕಿಲೋ ತೂಕದಷ್ಟು. ಸಂಜೆ ತನಕ ಒಂದೇ ಕೈ, ಒಂದೇ ಭುಜ ಅದನ್ನ ತಡೀಬೇಕು.

ನಮ್ಮ ಸಲಹೆ ಹೀಗೆ. ಅಂಗಳ, ಅಡಿಕೆ ಒಣಗಿಸೋ ಕಣ, ಮನೆ ದಾರಿಗೆ 50 ಸಿಸಿ ಸಾಕು. ಬೆಟ್ಟದಲ್ಲಿ ದರಕು ಒಟ್ಟು ಮಾಡೋಕೆ 65 ಸಿಸಿ ಮಟ್ಟದ್ದು ಹದವಾದದ್ದು. 80 ಸಿಸಿ ಬೇಕಾಗೋದು ದೊಡ್ಡ ಎಸ್ಟೇಟಿಗೆ, ಬೆಂಕಿ ರೇಖೆಗೆ, ಅದೂ ಹೊರೋಕೆ ಇಬ್ಬರು ಸರದಿಯಲ್ಲಿ ಇದ್ದರೆ. ತೋಟದೊಳಗಿನ ಅಡಿಕೆ ಹಾಳೆ, ಸೋಗೆಯನ್ನ ಬ್ಲೋವರ್ ಸರಿಸುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದು ಕೈ ಕೆಲಸವೇ.

ಅಂಗಡಿಯಲ್ಲಿ ನಿಂತಲ್ಲೇ ಮಾಡಬೇಕಾದ ಪರೀಕ್ಷೆಗಳು:

• ಟ್ಯಾಂಕ್ ತುಂಬಿಸಿ, ಬೆನ್ನಿಗೆ ಹಾಕಿಕೊಂಡು ಹತ್ತು ನಿಮಿಷ ನಡೀರಿ. ಸೊಂಟದ ಬೆಲ್ಟ್ ಇದ್ದರೆ ಭಾರ ಭುಜದಿಂದ ಇಳಿಯುತ್ತೆ.
• ಯಂತ್ರಕ್ಕೂ ಬೆನ್ನಿನ ಹಲಗೆಗೂ ನಡುವೆ ಸ್ಪ್ರಿಂಗ್ ಅಥವಾ ರಬ್ಬರ್ ಇದೆಯಾ ನೋಡಿ. ಕಂಪನ ತಡೆಯೋದು ಅದೇ.
• ಥ್ರಾಟಲ್ ಪೈಪಿನ ಹಿಡಿಯಲ್ಲಿದ್ದರೆ ಪೊದೆ, ಇಕ್ಕಟ್ಟಿನಲ್ಲಿ ಅನುಕೂಲ.
• ಏರ್ ಫಿಲ್ಟರ್ ಸ್ಕ್ರೂಡ್ರೈವರ್ ಇಲ್ಲದೆ ಬಿಚ್ಚೋಕೆ ಬರಬೇಕು. ಕಷ್ಟ ಆದರೆ ಯಾರೂ ಬಿಚ್ಚಲ್ಲ.
• ಸೈಲೆನ್ಸರ್‌ನಲ್ಲಿ ಕಿಡಿ ತಡೆಯೋ ಜಾಲರಿ ಇರಲೇಬೇಕು.
• ಬಿಡಿಭಾಗ ನಿಮ್ಮ ತಾಲ್ಲೂಕಿನಲ್ಲಿ ಸಿಗುತ್ತಾ? ಹದಿನೈದು ದಿನ ಕಾಯೋ ಹೊತ್ತಿಗೆ ದರಕಿನ ಕಾಲವೇ ಮುಗಿದಿರುತ್ತೆ.

ಪೆಟ್ರೋಲಿಗೆ ಎಣ್ಣೆ ಎಷ್ಟು?

ಕೈಪಿಡಿಯಲ್ಲಿ 50:1 ಅಂತ ಇದ್ದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿ ಎಣ್ಣೆ. 40:1 ಆದರೆ 25 ಮಿಲಿ. 25:1 ಆದರೆ 40 ಮಿಲಿ. 'ಒಂದು ಮುಚ್ಚಳ' ಅನ್ನೋದು ಅಳತೆ ಅಲ್ಲ, ಮುಚ್ಚಳ ಬಾಟಲಿಗೊಂದು ತರ ಇರುತ್ತೆ. ಔಷಧಿ ಅಂಗಡಿಯಲ್ಲಿ ಸಿಗೋ ಸೂಜಿ ಇಲ್ಲದ ಸಿರಿಂಜ್ ತಗೊಳ್ಳಿ, ಕೆಲವೇ ರೂಪಾಯಿಯಲ್ಲಿ ಇಡೀ ಎಂಜಿನ್ ಉಳಿಯುತ್ತೆ.

ಎಣ್ಣೆ ಗಾಳಿಯಿಂದ ತಣಿಯೋ ಟೂ ಸ್ಟ್ರೋಕ್‌ಗೆ ಮಾಡಿದ್ದಾಗಿರಬೇಕು. ಡಬ್ಬಿ ಮೇಲೆ ಜಾಸೋ ಎಫ್‌ಡಿ ಅಂತ ಇದ್ದರೆ ಒಳ್ಳೇದು. ಟಿಸಿ-ಡಬ್ಲ್ಯು3 ಅಂತ ಇದ್ದರೆ ಅದು ದೋಣಿಯ ಎಂಜಿನ್‌ಗೆ. ಬೈಕಿಗೆ ಹಾಕೋ ಫೋರ್ ಸ್ಟ್ರೋಕ್ ಎಣ್ಣೆ ಖಂಡಿತ ಬೇಡ. ಬೆರೆಸೋದು ಬೇರೆ ಕ್ಯಾನಿನಲ್ಲಿ: ಅರ್ಧ ಪೆಟ್ರೋಲ್, ಪೂರ್ತಿ ಎಣ್ಣೆ, ಕುಲುಕಿ, ಆಮೇಲೆ ಉಳಿದ ಪೆಟ್ರೋಲ್, ಮತ್ತೆ ಕುಲುಕಿ. ಯಂತ್ರದ ಟ್ಯಾಂಕಿನಲ್ಲೇ ಬೆರೆಸಬಾರದು.

ಈಗ ಟೂ ಸ್ಟ್ರೋಕ್‌ನ ನಿಜವಾದ ಅಪಾಯ. ಕಾರ್ಬ್ಯುರೇಟರ್ ಕಟ್ಟಿಕೊಂಡು, ಅಥವಾ ಎಲ್ಲೋ ಗಾಳಿ ಸೋರಿ ಪೆಟ್ರೋಲ್ ಕಡಿಮೆ ಹೋಯ್ತು ಅಂತಿಟ್ಟುಕೊಳ್ಳಿ. ಬೇರೆ ಎಂಜಿನ್ ಆದರೆ ಬರೀ ಬಿಸಿ ಏರುತ್ತೆ. ಇಲ್ಲಿ ಪೆಟ್ರೋಲ್ ಜೊತೆ ಎಣ್ಣೆಯೂ ಕಡಿಮೆ ಆಯ್ತು. ಬಿಸಿ ಏರಿದ್ದರಿಂದ ಪಿಸ್ಟನ್ ಹಿಗ್ಗಿತು, ಜಾರಿಕೆ ಇಲ್ಲದ್ದರಿಂದ ಸಿಲಿಂಡರ್ ಗೋಡೆಗೆ ಉಜ್ಜಿತು. ಕೆಲವೇ ನಿಮಿಷದಲ್ಲಿ ಎಂಜಿನ್ ಜಾಮ್. ಅದರ ಮುನ್ಸೂಚನೆ ಮೋಸ ಮಾಡೋ ತರ ಇರುತ್ತೆ: ಸ್ವಲ್ಪ ಹೊತ್ತು ಯಂತ್ರ ಮಾಮೂಲಿಗಿಂತ ಜೋರಾಗಿ, ಕೀಚಲು ದನಿಯಲ್ಲಿ ಓಡುತ್ತೆ. "ಇವತ್ತು ಮಿಷನ್ ಭಾರೀ ಚೆನ್ನಾಗಿದೆ" ಅನ್ನಿಸೋ ಆ ಹೊತ್ತಿಗೇ ನಿಲ್ಲಿಸಬೇಕು.

ಎಥನಾಲ್ ವಿಷಯ

ನಮ್ಮ ದೇಶದಲ್ಲಿ 2023ರಿಂದ ಬಂಕುಗಳಿಗೆ ಇ20 ಬರೋಕೆ ಶುರುವಾಯ್ತು, 2025ರ ಹೊತ್ತಿಗೆ ಎಲ್ಲೆಡೆ ಅದೇ ಮಾಮೂಲಿ ಪೆಟ್ರೋಲ್ ಆಯ್ತು. ಅಂದರೆ 20 ಶೇಕಡಾ ಎಥನಾಲ್. ಆದರೆ ಇಂಥ ಸಣ್ಣ ಎಂಜಿನ್‌ಗಳ ಬಹಳಷ್ಟು ಕೈಪಿಡಿಗಳು 10 ಶೇಕಡಾ ಮೀರಬಾರದು ಅನ್ನುತ್ತವೆ. ಯಾಕೆ?

ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಸಾಕು. ಇ20ಗೆ ಲೆಕ್ಕ 13.5ರ ಹತ್ತಿರ ಬರುತ್ತೆ. ಕಾರಿನಲ್ಲಿ ಸೆನ್ಸರ್ ಇದೆ, ಅದು ಸರಿದೂಗಿಸಿಕೊಳ್ಳುತ್ತೆ. ಬ್ಲೋವರ್‌ನ ಸಾದಾ ಕಾರ್ಬ್ಯುರೇಟರ್‌ಗೆ ಅದು ಗೊತ್ತಾಗಲ್ಲ. ಹಾಗಾಗಿ ಮಿಶ್ರಣ ಸುಮಾರು 8 ಶೇಕಡಾ ತೆಳು ಆಗುತ್ತೆ. ತೆಳು ಆದರೆ ಬಿಸಿ, ಆಮೇಲೆ ಏನಾಗುತ್ತೆ ಅಂತ ಮೇಲೆ ನೋಡಿದೆವು. ಎರಡನೇದು, ಎಥನಾಲ್ ಗಾಳಿಯ ತೇವ ಹೀರುತ್ತೆ. ನೀರು ಜಾಸ್ತಿ ಆದಾಗ ನೀರು-ಎಥನಾಲ್ ಸೇರಿ ತಳಕ್ಕೆ ಇಳಿಯುತ್ತೆ, ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತೆ. ಟ್ಯಾಂಕಿನ ತಳದಲ್ಲಿರೋ ಪೈಪು ಎಣ್ಣೆಯೇ ಇಲ್ಲದ ದ್ರವವನ್ನ ಎಳೆಯುತ್ತೆ. ಮೂರನೇದು, ಹಳೇ ರಬ್ಬರ್ ಪೈಪು, ಡಯಾಫ್ರಮ್ ಗಟ್ಟಿಯಾಗಿ ಬಿರುಕು ಬಿಡುತ್ತವೆ.

ಎಥನಾಲ್ ಇದೆಯಾ ಅಂತ ನೋಡೋಕೆ ನಾವು ಲ್ಯಾಬ್‌ನಲ್ಲಿ ಮಾಡಿದ ಸರಳ ಪರೀಕ್ಷೆ: ಅಳತೆ ಗುರುತಿರೋ ಗಾಜಿನ ಜಾಡಿಗೆ 10 ಮಿಲಿ ನೀರು, 50 ಮಿಲಿ ಪೆಟ್ರೋಲ್ ಹಾಕಿ, ಮುಚ್ಚಿ ಅಲ್ಲಾಡಿಸಿ, ಹತ್ತು ನಿಮಿಷ ಬಿಡಿ. ಎಥನಾಲ್ ನೀರಿಗೆ ಸೇರಿಕೊಳ್ಳುತ್ತೆ, ತಳದ ಪದರ 10ರಿಂದ 20 ಮಿಲಿ ಹತ್ತಿರಕ್ಕೆ ಏರಿದರೆ ಅದು ಇ20. ಕಿಡಿ, ಬೆಂಕಿಯಿಂದ ದೂರ ಮಾಡಬೇಕು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ.

ಪರಿಹಾರ? ಎಥನಾಲ್ ಇಲ್ಲದ ಪೆಟ್ರೋಲ್ ಹತ್ತಿರದಲ್ಲಿ ಸಿಗುತ್ತಾ ಅಂತ ಬಂಕಿನಲ್ಲಿ ಕೇಳಿ ನೋಡಿ. ಸಿಗದಿದ್ದರೆ ಆ ವಾರಕ್ಕೆ ಬೇಕಾದಷ್ಟೇ ತನ್ನಿ, ಕ್ಯಾನ್ ಬಿಗಿಯಾಗಿ ಮುಚ್ಚಿ, ಸಂಜೆ ಟ್ಯಾಂಕಿನಲ್ಲಿ ಉಳಿಸಬೇಡಿ. ಕಾರ್ಬ್ಯುರೇಟರ್ ಹೊಂದಿಸೋದನ್ನ ಟ್ಯಾಕೋಮೀಟರ್ ಇರೋ ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ, ಕಿವಿಯ ಅಂದಾಜಿನಲ್ಲಿ ಬೇಡ.

ದಿನ, ವಾರ, ಮಳೆಗಾಲ

ದಿನವೂ: ಏರ್ ಫಿಲ್ಟರ್ ತೆಗೆದು ಮೆಲ್ಲಗೆ ತಟ್ಟಿ. ಫ್ಯಾನ್ ಗಾಳಿ ಎಳೆಯೋ ಜಾಲರಿಗೆ ಎಲೆ ಅಂಟಿದ್ದರೆ ತೆಗೀರಿ, ಎಂಜಿನ್ ನಿಲ್ಲಿಸಿದ ಮೇಲೆ. ಪೈಪಿನ ಕ್ಲಿಪ್ ಬಿಗಿ ಇದೆಯಾ, ಪೆಟ್ರೋಲ್ ಸೋರ್ತಿದೆಯಾ ನೋಡಿ.

ಇಪ್ಪತ್ತು-ಇಪ್ಪತ್ತೈದು ಗಂಟೆಗೊಮ್ಮೆ: ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ನೋಡಿ. ಕಾಫಿಪುಡಿ ಬಣ್ಣ ಇದ್ದರೆ ಆರೋಗ್ಯ. ಕಪ್ಪಗೆ ಜಿಡ್ಡು ಇದ್ದರೆ ಎಣ್ಣೆ ಹೆಚ್ಚು ಅಥವಾ ಫಿಲ್ಟರ್ ಕಟ್ಟಿದೆ. ಬೆಳ್ಳಗಿದ್ದರೆ ಮಿಶ್ರಣ ತೆಳು, ಕೆಲಸ ನಿಲ್ಲಿಸಿ. ಪ್ಲಗ್ ಅಂತರ ಸಾಮಾನ್ಯವಾಗಿ 0.6–0.7 ಮಿಲಿಮೀಟರ್, ಕೈಪಿಡಿ ನೋಡಿ ಹೊಂದಿಸಿ. ಸಿಲಿಂಡರ್‌ನ ರೆಕ್ಕೆಗಳ ನಡುವಿನ ಧೂಳು ತೆಗೀರಿ. ಕಿಡಿ ಜಾಲರಿಯ ಮಸಿಯನ್ನ ಬ್ರಷ್‌ನಿಂದ ಉಜ್ಜಿ.

ವರ್ಷಕ್ಕೊಮ್ಮೆ: ಟ್ಯಾಂಕಿನೊಳಗಿನ ಫ್ಯುಯೆಲ್ ಫಿಲ್ಟರ್ ಬದಲಿಸಿ, ಪೆಟ್ರೋಲ್ ಪೈಪು ಒತ್ತಿ ನೋಡಿ, ಗಟ್ಟಿಯಾಗಿದ್ದರೆ ಬದಲಿಸಿ.

ಬ್ಲೋವರ್ ಕೆಲಸ ಮಾಡೋದು ವರ್ಷದಲ್ಲಿ ಮೂರು-ನಾಲ್ಕು ತಿಂಗಳು. ಉಳಿದ ಕಾಲ ಅಟ್ಟದಲ್ಲೋ ಕೊಟ್ಟಿಗೆಯಲ್ಲೋ ಇರುತ್ತೆ. ಅದು ಹಾಳಾಗೋದು ಹೆಚ್ಚಾಗಿ ಆಗಲೇ. ಎತ್ತಿಡುವ ಮುಂಚೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲೋ ತನಕ ಓಡಿಸಿ. ಪ್ಲಗ್ ಬಿಚ್ಚಿ ಸಿಲಿಂಡರ್‌ಗೆ ಒಂದು ಚಮಚದಷ್ಟು ಟೂ ಸ್ಟ್ರೋಕ್ ಎಣ್ಣೆ ಬಿಟ್ಟು, ಹಗ್ಗ ಎರಡು ಸಲ ನಿಧಾನಕ್ಕೆ ಎಳೆದು, ಪ್ಲಗ್ ಹಾಕಿ. ಪೈಪಿನ ಬಾಯಿ, ಸೈಲೆನ್ಸರ್ ಬಾಯಿಗೆ ಬಟ್ಟೆ ಕಟ್ಟಿ. ಇಲ್ಲದಿದ್ದರೆ ಕುಂಬಾರ ಹುಳ ಒಳಗೆ ಮಣ್ಣಿನ ಗೂಡು ಕಟ್ಟುತ್ತೆ. ನೇತುಹಾಕಿದರೆ ಇಲಿಯಿಂದ ಪೆಟ್ರೋಲ್ ಪೈಪೂ ಉಳಿಯುತ್ತೆ. ಮತ್ತೆ ತೆಗೆದಾಗ ಬಟ್ಟೆ ಬಿಚ್ಚೋದು ಮರೀಬೇಡಿ.

ಸ್ಟಾರ್ಟ್ ಆಗದಿದ್ದರೆ ಕ್ರಮವಾಗಿ ಮೂರೇ ಪ್ರಶ್ನೆ: ಪೆಟ್ರೋಲ್ ಬರ್ತಿದೆಯಾ, ಗಾಳಿ ಹೋಗ್ತಿದೆಯಾ, ಕಿಡಿ ಇದೆಯಾ? ಹತ್ತು ನಿಮಿಷ ಓಡಿ ನಿಂತು, ಮುಚ್ಚಳ ಸಡಿಲಿಸಿದ ಮೇಲೆ ಮತ್ತೆ ಓಡಿದರೆ ಟ್ಯಾಂಕ್ ಮುಚ್ಚಳದ ಗಾಳಿ ರಂಧ್ರ ಕಟ್ಟಿದೆ. ಸ್ಟಾರ್ಟ್ ಆಗಿ ಥ್ರಾಟಲ್ ಕೊಟ್ಟಾಗ ಮಂಕಾದರೆ ಮೊದಲು ಕಿಡಿ ಜಾಲರಿಯನ್ನೂ ಏರ್ ಫಿಲ್ಟರನ್ನೂ ನೋಡಿ.

ಹೊರುವವರ ಕಿವಿ, ಬೆಟ್ಟದ ಬೆಂಕಿ

ನಮ್ಮ ಗೆಳೆಯನ ಊರಿನಲ್ಲಿ ನಾಲ್ಕು ವರ್ಷದಿಂದ ಬ್ಲೋವರ್ ಹೊರೋ ಒಬ್ಬ ಅಣ್ಣನನ್ನ ಮಾತಾಡಿಸಿದೆವು. ಯಂತ್ರದ ಬಗ್ಗೆ ಕೇಳಿದರೆ ಅವರು ಕಿವಿಯ ಬಗ್ಗೆ ಹೇಳಿದರು: "ಸಂಜೆ ಮನೆಗೆ ಹೋಗಿ ಮಲಗಿದ್ರೂ ಕಿವಿಯೊಳಗೆ ಮಿಷನ್ ಓಡ್ತಾನೇ ಇರುತ್ತೆ ತಮ್ಮಾ." ಅದು ದಣಿವಲ್ಲ, ಕಿವಿಗೆ ಪೆಟ್ಟಾಗ್ತಿದೆ ಅನ್ನೋದರ ಗುರುತು.

ಹೊತ್ತವರ ಕಿವಿಯ ಹತ್ತಿರ ದೊಡ್ಡ ಬ್ಲೋವರ್‌ನ ಸದ್ದು 100 ಡೆಸಿಬಲ್ ಆಸುಪಾಸು. ಅಮೆರಿಕದ ನಯೋಷ್ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು, ಪ್ರತಿ 3 ಡೆಸಿಬಲ್ ಏರಿದಾಗ ಅವಧಿ ಅರ್ಧ ಆಗಬೇಕು. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1, 97ಕ್ಕೆ ಅರ್ಧ ಗಂಟೆ, 100ಕ್ಕೆ ಹದಿನೈದು ನಿಮಿಷ. ಅಂದರೆ ಬೆಳಿಗ್ಗೆ ಮೊದಲ ಟ್ಯಾಂಕ್ ಮುಗಿಯೋ ಮುಂಚೆಯೇ ಇಡೀ ದಿನದ ಮಿತಿ ಮುಗಿದಿರುತ್ತೆ. ಕಿವಿಗೆ ಇಯರ್ ಮಫ್ ಹಾಕಿ 15 ಡೆಸಿಬಲ್ ತಗ್ಗಿಸಿದರೂ 100 ಇದ್ದದ್ದು 85 ಆಗುತ್ತೆ, ಹದಿನೈದು ನಿಮಿಷ ಇದ್ದದ್ದು ಎಂಟು ಗಂಟೆ ಆಗುತ್ತೆ. ಯಂತ್ರದ ಬೆಲೆಯ ಮುಂದೆ ಮಫ್‌ನ ಬೆಲೆ ಏನೇನೂ ಅಲ್ಲ. ಅದರ ಬಿಲ್ ಯಂತ್ರದ ಬಿಲ್ ಜೊತೆಗೇ ಆಗಬೇಕು, ಯಜಮಾನರ ಹೆಸರಲ್ಲೇ. ಕನ್ನಡಕ, ಧೂಳಿನ ಮಾಸ್ಕ್, ಗಟ್ಟಿ ಬೂಟು ಕೂಡ.

ಶಿವಮೊಗ್ಗ, ಉತ್ತರ ಕನ್ನಡದ ಕಡೆ ಇನ್ನೊಂದು ವಿಷಯ. ಮಂಗನ ಕಾಯಿಲೆ ಹರಡೋ ಉಣುಗು ಕಾಡಿನ ನೆಲದ ತರಗೆಲೆಯಲ್ಲೇ ಇರುತ್ತೆ. ಕಾಯಿಲೆ ಮೊದಲು ಗುರುತಾದದ್ದೇ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಅದರ ಕಾಲವೂ ದರಕಿನ ಕಾಲವೂ ಒಂದೇ. ಆರೋಗ್ಯ ಇಲಾಖೆ ಕೊಡೋ ಡೆಪಾ ತೈಲ ಹಚ್ಚಿಕೊಂಡು, ಮೈ ತುಂಬ ಬಟ್ಟೆ ಹಾಕಿ ಹೋಗಿ. ಬಂದ ತಕ್ಷಣ ಬಿಸಿನೀರಿನ ಸ್ನಾನ.

ಇನ್ನು ಬೆಂಕಿ. ಕೆಲಸ ಮಾಡಿದ ಸೈಲೆನ್ಸರ್ ಒಣ ಎಲೆಗೆ ಬೆಂಕಿ ಹಚ್ಚುವಷ್ಟು ಕಾದಿರುತ್ತೆ. ಬಿಸಿ ಯಂತ್ರವನ್ನ ದರಕಿನ ಮೇಲೆ ಇಡಲೇಬಾರದು, ಎಲೆ ಸರಿಸಿದ ಬರೀ ನೆಲದ ಮೇಲೆ ಇಡಿ. ಪೆಟ್ರೋಲ್ ತುಂಬೋದು ಹತ್ತು ನಿಮಿಷ ತಣಿದ ಮೇಲೆ. ಸ್ಟಾರ್ಟ್ ಮಾಡೋದು ತುಂಬಿದ ಜಾಗದಿಂದ ಮೂರು ಮೀಟರ್ ಆಚೆ. ಕಿಡಿ ಜಾಲರಿ ಕಟ್ಟಿತು ಅಂತ ಕಿತ್ತು ಬಿಸಾಡೋ ಮೆಕ್ಯಾನಿಕ್‌ಗಳಿದ್ದಾರೆ, ಒಪ್ಪಬೇಡಿ. ಹಾಗೇ ಬೆಟ್ಟವನ್ನ ಪೂರ್ತಿ ಬೋಳು ಮಾಡಬೇಡಿ. ಪೊರಕೆ ಒಂದಿಷ್ಟು ಎಲೆ ಬಿಡುತ್ತೆ, ಬ್ಲೋವರ್ ಏನೂ ಬಿಡಲ್ಲ. ಮೊದಲ ಮಳೆಗೆ ಮಣ್ಣು ಕೊಚ್ಚಿ ಹೋಗದೆ ಇರೋಕೆ ಒಂದು ಪದರ ಉಳೀಬೇಕು.

ಪೆಟ್ರೋಲೋ, ಬ್ಯಾಟರಿಯೋ?

ಅಮೆರಿಕದ ವಾಷಿಂಗ್ಟನ್ ಡಿಸಿಯಲ್ಲಿ 2022ರಿಂದ ಪೆಟ್ರೋಲ್ ಬ್ಲೋವರ್ ನಿಷೇಧ. ಕ್ಯಾಲಿಫೋರ್ನಿಯಾದಲ್ಲಿ 2024ರ ಮಾದರಿಗಳಿಂದ ಹೊಸ ಸಣ್ಣ ಎಂಜಿನ್ ಹೊಗೆ ಬಿಡಬಾರದು. ಹಾಗಾದರೆ ನಾವು? ಲೆಕ್ಕ ನೋಡಿ. ಎರಡು ಲೀಟರ್ ಪೆಟ್ರೋಲಿನಲ್ಲಿ ಸುಮಾರು 18 ಕಿಲೋವ್ಯಾಟ್ ಗಂಟೆ ಇದೆ. ಎಂಜಿನ್ ಅದರಲ್ಲಿ 15–20 ಶೇಕಡಾ ಮಾತ್ರ ಕೆಲಸಕ್ಕೆ ತರುತ್ತೆ ಅಂದರೂ ಸುಮಾರು 3 ಕಿಲೋವ್ಯಾಟ್ ಗಂಟೆ. ಅಷ್ಟೇ ಕೆಲಸಕ್ಕೆ ಲಿಥಿಯಂ ಬ್ಯಾಟರಿ 15–20 ಕಿಲೋ ತೂಗುತ್ತೆ, ಪೆಟ್ರೋಲ್ ಒಂದೂವರೆ ಕಿಲೋ. ಮನೆಯ ಪ್ಲಗ್ ಹತ್ತಿರದ ಅಂಗಳಕ್ಕೆ ಬ್ಯಾಟರಿಯೇ ಒಳ್ಳೇದು: ಸದ್ದು ಕಡಿಮೆ, ಎಣ್ಣೆ ಬೆರೆಸೋ ತಲೆನೋವಿಲ್ಲ. ದೂರದ ಬೆಟ್ಟಕ್ಕೆ ಸದ್ಯಕ್ಕೆ ಪೆಟ್ರೋಲ್.

ನಿಮ್ಮ ಮನೆಯಲ್ಲೋ ಪಕ್ಕದ ತೋಟದಲ್ಲೋ ಬ್ಲೋವರ್ ಇದ್ದರೆ ಈ ರಜೆಯಲ್ಲಿ ಎರಡು ಕೆಲಸ ಮಾಡಿ: ಪ್ಲಗ್ ಬಿಚ್ಚಿ ಬಣ್ಣ ನೋಡಿ, ಮತ್ತೆ ಅದನ್ನ ಹೊರುವವರಿಗೆ ಇಯರ್ ಮಫ್ ಇದೆಯಾ ಕೇಳಿ. ಇಲ್ಲ ಅಂದರೆ ಮೊದಲು ಮಫ್ ತನ್ನಿ, ಪ್ಲಗ್ ನಾಳೆ ಆದರೂ ಆಗುತ್ತೆ. ಮುಂದಿನ ಸಂಚಿಕೆಗೆ ಅಡಿಕೆ ಸುಲಿಯೋ ಯಂತ್ರವನ್ನ ಹೀಗೇ ಬಿಚ್ಚಿ ನೋಡೋ ಆಲೋಚನೆ ಇದೆ. ಮನೆಯಲ್ಲಿ ಇರುವವರು ನಮ್ಮ ಬಳಗಕ್ಕೆ ತಿಳಿಸಿ.